ನಾಲಗೆಯ ಬುಡದಲ್ಲಿ ಉಳಿದದ್ದು

ಅವ್ವಾ,

ಮಂಡ್ಯದ ಈ ಕೋಣೆಯಲ್ಲಿ ಮಾತಾಡಿಸುವವರು ಯಾರೂ ಇಲ್ಲ. ಓದು ಬಾರದ ನಿನಗೆ, ಅದೂ ಈಗ, ಕಾಗದ ಬರೆಯುವುದು ಹುಚ್ಚೇ ಇರಬಹುದು. ಆದರೆ ಈ ಸುದ್ದಿಯನ್ನು ನಿನಗಲ್ಲದೆ ಇನ್ಯಾರಿಗೆ ಹೇಳಲಿ?

ನೆನಪಿದೆಯಾ, ನಿನ್ನ ಮಗಳು ನಿಂಗಿ ಮುದ್ದೆ ಅಗಿಯುತ್ತಿದ್ದಳು. ಕೆರಗೋಡಿನಲ್ಲಿ ಎಳೆಯ ಮಕ್ಕಳೂ ಮುದ್ದೆ ನುಂಗುತ್ತವೆ. "ಗಂಡನ್ ಮನೇಲಿ ಮುದ್ದೆ ಅಗುದ್ರೆ ನಮ್ಮಟ್ಟಿಗೇ ಅವಮಾನ ಕಣೇ" ಎಂದು ಅಜ್ಜಿ ಗದರುತ್ತಿದ್ದಳು. ನೀನು ಒಲೆಯ ಮರೆಯಲ್ಲಿ ಅವಳಿಗೆ ಅಂಬಲಿ ಕುಡಿಸುತ್ತಿದ್ದೆ. ಬಾಯಲ್ಲಿ ತುತ್ತಿಟ್ಟುಕೊಂಡಂತಿದ್ದ ಅವಳ ಮಾತನ್ನು ಊರು ಅಣಕಿಸುತ್ತಿತ್ತು. ಅವಳ ಗಂಟಲಲ್ಲಿ ಏನೋ ಇದೆ ಅಂತ ನಿನ್ನೊಬ್ಬಳಿಗೇ ಅನ್ನಿಸಿತ್ತು, ಅಲ್ಲವೇ?

ನೀನು ತೀರಿಹೋದ ಮೇಲೆ, ಮಲಗಿದರೆ ಅವಳಿಗೆ ಉಸಿರು ಕಟ್ಟತೊಡಗಿತು. ಮದ್ದೂರಿನ ಡಾಕ್ಟರು ಬಾಯಿ ತೆರೆಸಿ ನೋಡಿ, ನಾಲಗೆಯ ಬುಡದಲ್ಲಿ ಗೆಡ್ಡೆ ಬೆಳೆದಿದೆ, ಕತ್ತರಿಸಿ ತೆಗೆಯಬೇಕು ಎಂದರು. ನಿಂಗಿ ಒಪ್ಪಿದಳು. ನನಗೇ ಧೈರ್ಯ ಬರಲಿಲ್ಲ. ಮೈಸೂರಿಗೆ ಕರೆದೊಯ್ದೆ.

ಅಲ್ಲಿನ ಡಾಕ್ಟರು ವಯಸ್ಸಾದವರು. ಊಟ ಹೇಗೆ ಮಾಡುತ್ತಾಳೆ ಎಂದಾಗ ಮುದ್ದೆ ಅಗಿಯುವುದನ್ನು ಹೇಳಿದೆ. ಯಾವಾಗಿನಿಂದ ಎಂದು ಕೇಳಿದರು. "ಅಲ್ಲು ಬಂದಾಗ್ನಿಂದ್ಲೂ ಸ್ವಾಮಿ" ಎಂದಳು ನಿಂಗಿ. ಅವರು ನಗಲಿಲ್ಲ. ಹುಟ್ಟಿನಿಂದ ಬಂದದ್ದಾದರೆ ಗೆಡ್ಡೆ ಅಲ್ಲದಿರಬಹುದು ಎನ್ನುತ್ತ ಅವಳ ಕತ್ತನ್ನು ಬೆರಳಿನಿಂದ ತಡವಿದರು, ತುಂಬ ಹೊತ್ತು. ಕಡೆಗೆ, "ಇಲ್ಲಿರಬೇಕಾದ್ದು ಇಲ್ಲಿಲ್ಲಪ್ಪ" ಎಂದರು. ಎಲ್ಲರ ಕತ್ತಿನಲ್ಲೂ ಥೈರಾಯ್ಡ್ ಎಂಬ ಗ್ರಂಥಿಯಿರುತ್ತದಂತೆ. ಮಗು ಬಸಿರಲ್ಲಿರುವಾಗ ಅದು ನಾಲಗೆಯ ಬುಡದಿಂದ ಕೆಳಗೆ ಇಳಿಯಬೇಕು. ನಿಂಗಿಯದು ಇಳಿಯದೆ ಅಲ್ಲೇ ಉಳಿದಿದೆ. ಅವಳಿಗಿರುವುದು ಅದೊಂದೇ. ಕತ್ತರಿಸಿದ್ದರೆ ಮೈ ಊದಿ, ಬುದ್ಧಿ ಮಂಕಾಗಿ... ಬೇಡ ಬಿಡು.

ಅದರ ಕೆಲಸವನ್ನು ತಾನೇ ಮಾಡಿ ಅದನ್ನು ಕುಗ್ಗಿಸುವ ಗುಳಿಗೆ ಕೊಟ್ಟರು. ಕುರಿಯ ಅದೇ ಗ್ರಂಥಿಯನ್ನು ಒಣಗಿಸಿ ಮಾಡಿದ್ದು, ಇಂಗ್ಲೆಂಡಿನಿಂದ ಬಂದದ್ದು. ಸ್ವದೇಶಿ ಚಳವಳಿಯ ಪುಸ್ತಿಕೆಗಳನ್ನೋದಿ ನಾನು ಮಾಂಸ ಬಿಟ್ಟದ್ದು, ವಿದೇಶಿ ವಸ್ತು ಮುಟ್ಟೆನೆಂದು ಆಣೆ ಮಾಡಿದ್ದು ನಿನಗೆ ಗೊತ್ತಲ್ಲ. ಬಸ್ಸಿನಲ್ಲಿ ನಿಂಗಿ ಸೀಸೆ ಅಲ್ಲಾಡಿಸುತ್ತ, "ಸೀಮೆ ಕುರಿ ಕಣಣ್ಣ. ನಿನ್ ವ್ರತ ಏನಾಯ್ತದೆ ಈಗ?" ಎಂದಳು. ನಕ್ಕುಬಿಟ್ಟೆ.

ಮಂಡ್ಯದ ಗೆಳೆಯರು ನಗಲಿಲ್ಲ. ಮಳವಳ್ಳಿಯ ಸಭೆಯಲ್ಲಿ ಅವರೆಲ್ಲರಿಂದ ಆಣೆ ಮಾಡಿಸಿದವನು ನಾನೇ ತಾನೆ? "ತಂಗಿ ಅಂದ್ರೆ ದೇಸ ಮರ್ತೋಯ್ತದೇನ್ಲಾ?" ಎಂದ ಒಬ್ಬ. ದೇಶ ಅಂದರೆ ಯಾರು, ಉಸಿರು ಕಟ್ಟುವ ಹುಡುಗಿಯನ್ನು ಬಿಟ್ಟು ಉಳಿದವರೇ ಎಂದು ಕೇಳಿದೆ. ಒಬ್ಬೊಬ್ಬರಾಗಿ ಎದ್ದು ಹೋದರು. ಈಗ ಅವರೂ ಬರುವುದಿಲ್ಲ.

ಖಾದಿ ಬಿಟ್ಟಿಲ್ಲ ಅವ್ವ, ಹಟವನ್ನೂ ಬಿಟ್ಟಿಲ್ಲ. ಆದರೆ ಆ ಗುಳಿಗೆ ನಿಂಗಿಗೆ ಬದುಕಿರುವ ತನಕ ಬೇಕು. ನಾನಿರುವ ತನಕ ತಂದುಕೊಡುತ್ತೇನೆ.

ನಾಲಗೆಯ ಬುಡದ ಆ ಗಂಟು ಮೆಲ್ಲಗೆ ಕುಗ್ಗಿದೆ. ಮೊನ್ನೆ ಕೆರಗೋಡಿಗೆ ಹೋಗಿ ಜಗುಲಿಯಲ್ಲಿ ಕೂತಿದ್ದಾಗ ಹಿತ್ತಲಿನಿಂದ ಯಾರೋ ನನ್ನನ್ನು ಕೂಗಿದರು. ರಾಗಿ ಕೇರುತ್ತಿದ್ದ ಅಜ್ಜಿ ಮೊರ ಹಾಗೇ ಹಿಡಿದು ನನ್ನ ಮುಖ ನೋಡಿದಳು. ನಾನೂ ಅವಳನ್ನು ನೋಡಿದೆ. ನಿಂಗಿ ಬಾಗಿಲಿಗೆ ಬಂದು ಮತ್ತೆ ಕರೆದಳು. ಇಷ್ಟು ವರ್ಷ ಆ ಗಂಟಿನ ಹಿಂದಿದ್ದದ್ದು ನಿನ್ನದೇ ದನಿ, ಅವ್ವಾ.