ರೆಡ್ ಕಾರ್ಡ್ ಬಿದ್ದದ್ದು ನನಗೆ

ಫೆ. 10, ಬೆಳಗ್ಗೆ

ಕಮಲಾಪುರದಿಂದ ಕಲಬುರಗಿತನಕ ಬಸ್ಸಿನಲ್ಲಿ ಮತ್ತೆ ನಿಂತೇ ಬಂದೆ. ಪ್ರಾಕ್ಟೀಸಿಗೆ ಲೇಟು. ಕೋಚ್ ಸುಧಾಕರ ಸರ್ ಗ್ರೌಂಡ್ ಸುತ್ತ ಓಡಿಸಿದರು. ನಾಳೆ ಅಂತರಕಾಲೇಜು ಫುಟ್‌ಬಾಲ್ ಸೆಮಿಫೈನಲ್. ಯೂನಿವರ್ಸಿಟಿ ಟೀಮಿನ ಸೆಲೆಕ್ಟರ್‌ಗಳು ಬರುವುದು ಫೈನಲ್‌ಗೆ ಮಾತ್ರ. ನನಗಿದು ಡಿಗ್ರಿಯ ಕೊನೆ ವರ್ಷ. ಈ ಸಲ ಇಲ್ಲವೆಂದರೆ ಇಲ್ಲವೇ ಇಲ್ಲ.

"ನೀ ಡಿಫೆನ್ಸ್‌ದಾಗ ಇರೋತನಾ ನಂಗ ಫಿಕರ್ ಇಲ್ಲ ಬಿಡು," ಅಂದಳು ಅಫ್ಶೀನ್. ನಮ್ಮ ಗೋಲ್‌ಕೀಪರ್. ನನ್ನ ಡಬ್ಬಿಯ ಅರ್ಧ ರೊಟ್ಟಿ ದಿನಾ ಅವಳದೇ.

ಫೆ. 11

ಗೆದ್ದೆವು. ನನಗೆ ರೆಡ್ ಕಾರ್ಡ್!

ಕಾರ್ನರ್ ಬಂತು. ನಾನೂ ಅಫ್ಶೀನೂ ಒಟ್ಟಿಗೇ ಹಾರಿದೆವು. ಎದುರು ಟೀಮಿನ ಹುಡುಗಿ ಬಿದ್ದಳು, ಮೂಗಲ್ಲಿ ರಕ್ತ. ರೆಫರಿ ನಿಂತಿದ್ದು ನಮ್ಮ ಬೆನ್ನ ಹಿಂದೆ — ಏನು ಕಂಡಿತೋ! ಸೀದಾ ನನ್ನ ಹತ್ತಿರ ಬಂದ.

"ನಾ ಮುಟ್ಟೇ ಇಲ್ರೀ ಸರ್!"

ಹೊರಗೆ ನಡೆ ಅಂದ. ಫೈನಲ್ ಆಡುವಂತಿಲ್ಲ. ಬಸ್ಸಿನಲ್ಲಿ ಎಲ್ಲರ ಎದುರೇ ಅತ್ತೆ.

ಫೆ. 12

ಸರ್ ಅಪೀಲು ಹಾಕಿದರು. ವಿಡಿಯೊ ಇದ್ದರೆ ನಾಳೆ ಸಂಜೆಯೊಳಗೆ ತನ್ನಿ ಅಂದಿದೆ ಟೂರ್ನಮೆಂಟ್ ಕಮಿಟಿ. ಅದರಲ್ಲಿ ಯಾರ ತಪ್ಪು ಕಾಣುತ್ತದೋ ಅವರು ಫೈನಲ್‌ನಿಂದ ಹೊರಗೆ.

ಅಫ್ಶೀನಳ ಅಣ್ಣ ಸಲ್ಮಾನ್ ಮ್ಯಾಚ್ ಶೂಟ್ ಮಾಡಿದ್ದ. ಖೂಬಾ ಪ್ಲಾಟಿನ ಅವರ ಮನೆಗೆ ಓಡಿದೆ. ಮೂವರೂ ಕೂತು ನೋಡಿದೆವು. ಸ್ಲೋ ಮಾಡಿ ಮತ್ತೆ ನೋಡಿದೆವು. ಮೂಗಿಗೆ ತಾಗಿದ್ದು ಅಫ್ಶೀನಳ ಮೊಣಕೈ.

ಬೇಕಂತ ಹೊಡೆದಿಲ್ಲ ಪಾಪ, ಚೆಂಡಿಗೆ ಹಾರಿದ್ದು. ಆದರೆ ನಾನಂತೂ ಅಲ್ಲವಲ್ಲ!

"ರಾತ್ರಿ ಕಳಸ್ತೀನಿ," ಅಂದಳು. ಕಣ್ಣೆತ್ತಿ ನೋಡಲಿಲ್ಲ.

ಫೆ. 13, ಸಂಜೆ

"ವಿಡಿಯೊ ಡಿಲೀಟ್ ಆಗ್ಯಾದ. ಫೋನ್ ಹ್ಯಾಂಗ್ ಆಗಿತ್ತಂತ." ಅಫ್ಶೀನಳ ಮೆಸೇಜು. ಅಷ್ಟೇ.

"ನೀ ನೋಡಿದ್ದೀ ಅಲ್ಲ, ಏನಿತ್ತು ಅದರಾಗ?" ಸರ್ ಕೇಳಿದರು. ಸರಿಯಾಗಿ ಕಾಣಲಿಲ್ಲ ಅಂದೆ. ಯಾಕೆ ಹಾಗಂದೆ? ಹುಚ್ಚಿ ನಾನು, ಶುದ್ಧ ಹುಚ್ಚಿ.

ಫೆ. 23

ಫೈನಲ್ ಗೆದ್ದರಂತೆ. ನಾನು ಹೋಗಿರಲಿಲ್ಲ. ಅಫ್ಶೀನ್ ಯೂನಿವರ್ಸಿಟಿ ಟೀಮಿಗೆ ಸೆಲೆಕ್ಟ್.

ಮಾ. 2

ಅಫ್ಶೀನ್ ಪೇಡೆ ಹಿಡಿದು ನಮ್ಮ ಮನೆಗೇ ಬಂದಿದ್ದಳು. ಅವ್ವ ಚಹಾ ಕೊಟ್ಟು ಅವಳ ಎದುರೇ ಕೇಳಿದಳು: "ಖರೇ ಹೇಳ ರಾಧಿಕಾ, ಆ ಹುಡುಗಿ ಮೂಗಿಗೆ ನೀನೇ ಹೊಡ್ದೀ ಏನ?"

ಅಫ್ಶೀನ್ ಬಾಯಿ ಬಿಡುತ್ತಾಳೆ ಅಂದುಕೊಂಡೆ. ಈಗಲಾದರೂ... ಸೆಲೆಕ್ಷನ್ ಮುಗಿದಿದೆ, ಅವಳಿಗೇನೂ ಆಗುವುದಿಲ್ಲ. ಊದಿ ಊದಿ ಚಹಾ ಕುಡಿಯುತ್ತಿದ್ದಳು.

"ಹೂಂ, ನಾನೇ," ಅಂದೆ.

ಅವ್ವ ಅಡುಗೆಮನೆಯಿಂದ ಇನ್ನೂ ಬೈಯುತ್ತಿದ್ದಾಳೆ. ಬೈಯಲಿ. ನಾನು ಅಳುತ್ತಿರುವುದು ಅದಕ್ಕಲ್ಲ. ನಾನು ಹೂಂ ಅಂದ ಕೂಡಲೇ ಅಫ್ಶೀನ್, ಹಗುರಾದವಳ ಹಾಗೆ, ಒಂದು ಉಸಿರು ಬಿಟ್ಟಳು.