ಅತ್ತೆಯ ಫಾರ್‌ಸೂತ್

ಹೊಳಲ್ಕೆರೆ
೧೮-೭-೧೯೭೪, ಮಧ್ಯಾಹ್ನ

ಪ್ರೀತಿಯ ಅಣ್ಣಾ,

ನಿನ್ನ ಕೆಮ್ಮು ಹೇಗಿದೆ? ಕಾಲೇಜಿನಲ್ಲಿ ಗಂಟಲು ಹರಿದುಕೊಂಡು ಇಂಗ್ಲಿಷ್ ಪಾಠ ಮಾಡುವುದನ್ನು ಸ್ವಲ್ಪ ಕಡಿಮೆ ಮಾಡು. ಅತ್ತಿಗೆ ಚೆನ್ನಾಗಿದ್ದಾರಾ? ನಾನೂ ಚೆನ್ನಾಗಿದ್ದೇನೆ ಎಂದು ಬರೆಯಬೇಕು, ಕೈ ಬರುತ್ತಿಲ್ಲ. ಮಗು ನಿದ್ದೆ ಮಾಡಿ ಎಷ್ಟು ದಿನವಾಯಿತೋ, ಅದರ ಜೊತೆ ನಾನೂ. ಅದರ ಹೊಟ್ಟೆ ತಮಟೆಯಂತೆ ಬಿಗಿದಿದೆ. ನಿನ್ನೆಯಿಂದ ಅಳುವ ದನಿಯೂ ಸಣ್ಣಗಾಗಿದೆ.

ಇಲ್ಲಿಯ ಡಾಕ್ಟರು ನಿಮ್ಮ ದುರ್ಗದ ದೊಡ್ಡಾಸ್ಪತ್ರೆಗೆ ತೋರಿಸಿ ಎಂದರು. ಅತ್ತೆ ಒಪ್ಪಲಿಲ್ಲ. ಬಾಗೂರಿನ ಹುಲಿಗೆಮ್ಮನನ್ನು ಕರೆಸಿ, ಕಾದ ಕಬ್ಬಿಣದಿಂದ ಹೊಟ್ಟೆಗೆ ಬರೆ ಹಾಕಿಸಬೇಕಂತೆ. ಬೇಡವೆಂದು ಅವರ ಕಾಲು ಹಿಡಿದೆ. "ಬಿಎ ಓದಿದೋಳು ಹೆದ್ರಿದ್ರೆ ಹೆಂಗಮ್ಮ? ನಿನ್ ಗಂಡನ ಹೊಟ್ಟೆ ಮ್ಯಾಲೂ ಐತೆ, ನೋಡೋಗು. ಆ ಬರೆ ಬಿದ್ದಿದ್ಕೇ ನಿಂಗೆ ಗಂಡ ಅಂತ ಒಬ್ಬ ಸಿಕ್ಕಿದ್ದು" ಎಂದರು. ಇವರು ಅಂಗಿಯ ಗುಂಡಿ ಹಾಕಿಕೊಂಡು ಹೊರಗೆ ಹೋದರು. ಪಕ್ಕದ ಮನೆಯ ಬೋರಕ್ಕನ ಕೂಸಿಗೂ ಹೀಗೇ ಹಾಕಿಸಿದ್ದರು. ಗಾಯ ಕೀವಾಗಿ ಕೂಸು ಉಳಿಯಲಿಲ್ಲ.

ಇವತ್ತು ಬೆಳಿಗ್ಗೆ ಅತ್ತೆ ತಾವಾಗಿಯೇ ಬಂದು, "ಬಿಡಮ್ಮ ಅತ್ಲಾಗೆ, ಸತ್ಯವಾಗ್ಲೂ ಕರ್ಸಲ್ಲ" ಎಂದರು. ಆ "ಸತ್ಯವಾಗ್ಲೂ" ಕೇಳಿಯೇ ನಾನು ಮಗುವನ್ನು ಎತ್ತಿಕೊಂಡೆ. ನಿಜ ಹೇಳುವಾಗ ಅವರು ಬರೀ "ಹೂಂ" ಅನ್ನುವವರು. "ಸತ್ಯವಾಗ್ಲೂ ಹಾಲಿಗೆ ನೀರು ಹಾಕಿಲ್ಲ" ಎಂದ ದಿನ ಕಾಫಿ ನೀರುನೀರಾಗಿರುತ್ತದೆ!

ಫಾರ್‌ಸೂತ್ ಎಂಬ ಪದವನ್ನು ನೀನು ನನಗೆ ಹೇಳಿಕೊಟ್ಟದ್ದು ನೆನಪಾಯಿತು. ಹಳೆಯ ಇಂಗ್ಲಿಷಿನಲ್ಲಿ 'ಸೂತ್' ಎಂದರೆ ಸತ್ಯ, ನಮ್ಮ 'ಸತ್ಯ'ಕ್ಕೆ ದೂರದ ದಾಯಾದಿ, 'ಫಾರ್' ಸೇರಿ 'ನಿಜವಾಗಿಯೂ' ಆಯಿತು ಎಂದು ನೀನು ಹೇಳಿದ್ದೆ. ಆಮೇಲೆ ಜನ ನಂಬದ ಮಾತಿಗೇ ಅದನ್ನು ಅಂಟಿಸಿ ಅಂಟಿಸಿ ಅಣಕದ ಮಾತಾಯಿತಂತೆ. ಸತ್ಯ ಎಂಬ ಅರ್ಥದ ಪದ ಹೀಗೆ ಕೆಡುತ್ತದೆಯೇ ಎಂದು ಆಗ ನಾನು ನಕ್ಕಿದ್ದೆ. ಕೆಡುತ್ತದೆ ಅಣ್ಣಾ. ಅತ್ತೆಗೆ ಮೊಮ್ಮಗನ ಮೇಲೆ ಪ್ರೀತಿ ಇಲ್ಲವೆಂದಲ್ಲ. ಆ ಪ್ರೀತಿಯೇ ನನಗೆ ಭಯ.

ಅತ್ತಿಗೆಗೆ ನಮಸ್ಕಾರ, ಮಕ್ಕಳಿಗೆ ನನ್ನ ಮುತ್ತು. ಈ ಕಾಗದವನ್ನು ಬಸ್ಸಿನ ಕಂಡಕ್ಟರ್ ಜಂಬಣ್ಣನ ಕೈಲಿ ಕಳಿಸುತ್ತಿದ್ದೇನೆ.

ನಿನ್ನ ತಂಗಿ
ಚಂದ್ರಿ

ಮತ್ತೆ ಬರೆಯುತ್ತಿದ್ದೇನೆ: ಹಿತ್ತಿಲಲ್ಲಿ ಯಾರೋ ಹೆಂಗಸಿನ ದನಿ ಕೇಳಿಸುತ್ತಿದೆ. ಊಟವಾಗಿ ಒಲೆ ಆರಿಸಿದ್ದೆವು, ಈಗ ಮತ್ತೆ ಹೊಗೆ ಬರುತ್ತಿದೆ. ಜಂಬಣ್ಣನ ಬಸ್ಸಿನ ನಂತರದ ಬಸ್ಸಿಗೇ ಮಗುವನ್ನು ಎತ್ತಿಕೊಂಡು ಹೊರಡುತ್ತೇನೆ, ಸ್ಟ್ಯಾಂಡಿನಲ್ಲಿ ನಿಂತಿರು. ನಾವು ಇಳಿಯದಿದ್ದರೆ ಡಾಕ್ಟರನ್ನು ಕರೆದುಕೊಂಡು ನೀನೇ ಬಾ. ಬಾಗಿಲಲ್ಲಿ ಯಾರು ಏನೇ ಹೇಳಲಿ, ನಾನೇ "ಮಗು ಸೌಖ್ಯ" ಎಂದರೂ ಸರಿ, ನೇರ ಒಳಗೆ ಹೋಗಿ ಅದರ ಅಂಗಿ ಎತ್ತಿ ನೋಡು.