ಟ್ರಂಕಿನ ತಳದ ಹಸಿರು ಸೀರಿ

ಅವ್ವ,

"ನಿಮ್ಮಪ್ಪಗಿಂತ ಮೊದಲ ಹೋಗ್ತೇನಿ, ಆವಾಗ ಇದನ್ನ ಉಡಸ್ರಿ" ಅಂತ ನೀ ಟ್ರಂಕಿನ್ಯಾಗ ಇಟ್ಟಿದ್ದ ಹಸಿರು ಇಳಕಲ್ ಸೀರಿ ನಾ ಒಯ್ದೇನಿ. ಹುಡುಕಬ್ಯಾಡ.

ಮುಂಜಾನೆ ಆಡೂರ ಕಡೆಯಿಂದ, ಗೋವಿನಜೋಳ ಒಕ್ಕೂ ಮಷೀನಿಗೆ ಸಿಕ್ಕ ಹೆಣ್ಣುಮಗಳನ್ನ ಎಮರ್ಜೆನ್ಸಿಗೆ ತಂದಿದ್ರು. ಉಳಸಾಕಂತ ಆಕಿ ಸೀರಿ ನಾನ ಕತ್ತರಿಸಿದೆ. ಆಕಿ ಉಳೀಲಿಲ್ಲ. ಆಕಿ ಮಗಳು ಆ ತುಂಡು ಜೋಡಿಸಿ ಅವ್ವನ ಮೈ ಮುಚ್ಚಾಕತ್ತಾಳ. ಆಸ್ಪತ್ರಿ ಬಿಳಿ ಬಟ್ಟಿ ಕೊಟ್ರ, "ಬ್ಯಾಡ್ರಿ ಸಿಸ್ಟರ್, ಅಪ್ಪ ಇನ್ನೂ ಅದಾನ" ಅಂದಳು.

ಡ್ಯೂಟಿ ಮುಗದೈತಿ. ಆದ್ರೂ ಆ ತಾಯಿಗೆ ಈ ಸೀರಿ ಉಡಿಸೇ ಬರ್ತೇನಿ.

ರೊಟ್ಟಿ ಬುಟ್ಟ್ಯಾಗ ಅದಾವು. ಉಂಡು ಬಿಪಿ ಗುಳಿಗಿ ತಗೋ. ನಿನ್ನೆದು ಹಂಗ ಉಳದೈತಿ, ನೋಡೇನಿ.

ಬೈಯೂದಿದ್ರ ಬಂದಮ್ಯಾಲ ಬೈ. ಆದ್ರ ಅಂಥಾದ್ದ ಇನ್ನೊಂದು ಸೀರಿ ಕೇಳಬ್ಯಾಡ. ನಾ ತರೂದಿಲ್ಲ.

ಸುಧಾ